ಹದಿನಾಲ್ಕು ಗುಂಡಿಗಳ ಗೌನು

ಕಾಪುವಿನ ಟೈಲರ್ ಮ್ಯಾಗ್ಡಲಿನಳ ಬಳಿ ಮದುವೆಯ ಗೌನು ಹೊಲಿಸಲು ಬಂದವರು ಈ ಕಥೆ ಕೇಳದೆ ಹೊರಗೆ ಹೋಗುವಂತಿರಲಿಲ್ಲ. "ನನ್ನ ಗೌನಿನ ಡಿಸೈನ್ ನಮ್ಮವರೇ ಬಿಡಿಸಿ ಕೊಟ್ಟದ್ದು. ಬೆನ್ನಿಗೆ ಹದಿನಾಲ್ಕು ಗುಂಡಿ, ಎಡಭುಜಕ್ಕೆ ಮಾತ್ರ ರಿಬ್ಬನ್ನಿನ ಒಂದು ಬೋ. ಉಡುಪಿಯಲ್ಲಿ ಯಾರಿಗುಂಟು ಅಂಥದ್ದು?" ಎನ್ನುವಾಗ ಅರವತ್ತೇಳರ ಮುಖಕ್ಕೆ ಮದುಮಗಳ ಕಳೆ. ಸೂಜಿಗೆ ದಾರ ಪೋಣಿಸಲೂ ಬಾರದ ಗಂಡ ಮ್ಯಾಕ್ಸಿಮ್‌ಗೆ ಆ ವಿದ್ಯೆ ಎಲ್ಲಿಂದ ಬಂತೆಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ತನ್ನ ಮೇಲಿನ ಪ್ರೀತಿಯಿಂದ ಬಂತೆಂದೇ ನಂಬಿದ್ದಳು.

ಕಳೆದ ತಿಂಗಳು ಮಣಿಪಾಲದ ಫಿಲ್ಮ್ ಕ್ಲಬ್ಬಿನವರು ವಿದೇಶದ ಹಳೆಯ ಮೂಕಿ ಪ್ರೇಮಚಿತ್ರವೊಂದನ್ನು ಮತ್ತೆ ತೋರಿಸಿದರು. ಮದುವೆಗೆ ಮೊದಲು ಅಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದ ಮ್ಯಾಕ್ಸಿಮ್‌ಗೆ ಮುಂದಿನ ಸಾಲಿನಲ್ಲೇ ಕುರ್ಚಿ. ಮುದುಕ ಎರಡೆರಡು ಸಲ ಗಡ್ಡ ಹೆರೆದು, ಸೆಂಟು ಹಾಕಿ ಹೆಂಡತಿಯೊಂದಿಗೆ ಹೊರಟ. ಮೊಮ್ಮಗಳ ಮದುವೆಗೂ ಅಷ್ಟು ಸಿಂಗರಿಸಿಕೊಂಡಿರಲಿಲ್ಲ.

ಚಿತ್ರದುದ್ದಕ್ಕೂ ಅವನ ತುಟಿ ಅಲುಗುತ್ತಿತ್ತು. ಪರದೆಯ ಮೇಲೆ ಅಕ್ಷರ ಮೂಡುವ ಮೊದಲೇ ನಾಯಕಿಯ ಮಾತು ಇವನ ಬಾಯಲ್ಲಿ. ಕೊನೆಗೆ ಅವಳು ಮದುವೆಯ ಉಡುಪಿನಲ್ಲಿ ಬೆನ್ನು ತಿರುಗಿಸಿ ಇಗರ್ಜಿಯೊಳಕ್ಕೆ ನಡೆದಳು. ಎಡಭುಜದಲ್ಲಿ ಬೋ. ಮ್ಯಾಗ್ಡಲಿನ್ ಗುಂಡಿ ಎಣಿಸಿದಳು, ಹದಿನಾಲ್ಕು. ಈ ಬಿಳಿ ಹೆಂಗಸಿನ ಉಡುಪು ತೊಟ್ಟು ತಾನು ಕಾಪುವಿನ ಇಗರ್ಜಿಯಲ್ಲಿ ನಿಂತಿದ್ದೆನೇ? ಅಂದು ಮುಸುಕು ಸರಿಸಿದವನು ಯಾರ ಮುಖ ಹುಡುಕಿದ್ದ?

ಆಗ ಅವಳಿಗೆ ಇನ್ನೊಂದು ನೆನಪಾಯಿತು. ಮಗಳು ಲವಿಟಾ ಹುಟ್ಟಿದಾಗ, ಬಹಳ ತಾಯಂದಿರು ಮಾಡುವಂತೆ, ಅವಳೂ ತನ್ನ ಗೌನನ್ನು ಕತ್ತರಿಸಿ ಮಗುವಿನ ಜ್ಞಾನಸ್ನಾನದ ಅಂಗಿ ಹೊಲಿದಿದ್ದಳು. ಮ್ಯಾಕ್ಸಿಮ್ ಎರಡು ದಿನ ಮಾತು ಬಿಟ್ಟಿದ್ದ. ನನ್ನ ಗೌನೆಂದರೆ ಇವರಿಗೆ ಅಷ್ಟು ಜೀವ ಎಂದು ಮ್ಯಾಗ್ಡಲಿನ್ ಅತ್ತಿದ್ದಳು, ಪಾದ್ರಿಗಳಲ್ಲಿ ಪಾಪನಿವೇದನೆಯನ್ನೂ ಮಾಡಿದ್ದಳು.

ವಾಪಸು ಬರುವ ಬಸ್ಸಿನಲ್ಲಿ ಕೇಳಿಯೇ ಬಿಟ್ಟಳು. "ಗೌನು ಕತ್ತರಿಸಿದಾಗ ನಿಮಗೆ ಅಷ್ಟು ಬೇಸರ ಆದದ್ದು ಎಂತಕ್ಕೆ?"

ಮ್ಯಾಕ್ಸಿಮ್ ಕಿಟಕಿಯಾಚೆ ನೋಡುತ್ತಿದ್ದ. "ಈಗ ಎಂತಕ್ಕೆ ಅದೆಲ್ಲ, ಮಾರಾಯ್ತಿ? ಅವಳು ಸತ್ತೇ ಎಷ್ಟೋ ವರ್ಷ ಆಯ್ತು."

ಮ್ಯಾಗ್ಡಲಿನ್ ಯಾರ ಸುದ್ದಿಯನ್ನೂ ಎತ್ತಿರಲಿಲ್ಲ. ಸೀಟಿನಲ್ಲಿ ಒಂದು ಗೇಣು ಆಚೆ ಸರಿದು ಕುಳಿತಳು. ಅಂದು ಹೇಳಿಕೊಂಡ ಆ ಪಾಪವನ್ನು ಪಾದ್ರಿಗಳಿಂದ ವಾಪಸು ಕೇಳಬೇಕೆನಿಸಿತು ಅವಳಿಗೆ. ಕತ್ತರಿಸಿದ್ದು ಒಳ್ಳೆಯದೇ ಆಯಿತು.