ಕಡಲ ದಂಡ್ಯಾಗ ಖಡಕ್ ರೊಟ್ಟಿ

ಬಿಸಲಂದ್ರ ಏನು ಅಂತ ನಮಗ ಯಾರೂ ಹೇಳಿಕೊಡಬೇಕಾಗಿಲ್ಲ. ಕನ್ನೊಳ್ಳ್ಯಾಗ ಹುಟ್ಟಿ ಬೆಳದಾಕಿ ನಾನು, ಸಿಂದಗಿ ಸಾಲ್ಯಾಗ ಕಲಸಾಕಿ. ಮಾರ್ಚ್ ಬಂತಂದ್ರ ನಮ್ಮಲ್ಲಿ ತಗಡು ಮುಟ್ಟಿದ್ರ ಕೈ ಸುಡತೈತಿ, ಖರೆ. ಆದ್ರ ಬೇವಿನ ಗಿಡದ ನೆಳ್ಳಿಗೆ ಹ್ವಾದ್ರ ಜೀವ ತಣ್ಣಗಾಕ್ಕೈತಿ. ಮಂಗಳೂರಿನ ಬಿಸಲಿಗೆ ಇಂಥಾ ರೀತಿ ರಿವಾಜೇ ಇಲ್ಲ. ನೆಳ್ಳಾಗ ಕುಂತ್ರೂ ಬೆವರು, ಫ್ಯಾನಿನ ಕೆಳಗ ಮಲಗಿದ್ರೂ ಬೆವರು. ಜಳಕಾ ಮಾಡಿ ಬಂದ್ರ ಮೈಮ್ಯಾಲಿಂದು ಜಳಕದ ನೀರೋ ಬೆವರೋ, ನನಗ ಕಡೀತನಕ ತಿಳೀಲಿಲ್ಲ.

ಅಲ್ಲಿಗೆ ಹೋಗಿದ್ದು ನಮ್ಮಪ್ಪನ ಸೊಂಟದ ಆಪರೇಶನ್ ಸಲುವಾಗಿ. ಒಂದು ಆಗಿತ್ತು, ಇನ್ನೊಂದು ಬಾಕಿ ಇತ್ತು. ‘ರಕ್ತ ಕಡಿಮೆ ಇದೆ. ಚೆನ್ನಾಗಿ ಊಟ ಮಾಡಿ ಶಕ್ತಿ ಬಂದ್ರೆ ಮಾತ್ರ ಎರಡನೇದು ಮಾಡ್ತೇವೆ’ ಅಂತ ಡಾಕ್ಟರ್ ಹೇಳಿ, ಅಲ್ಲೀತನಕ ಹೊರಗ ಇರ್ರಿ ಅಂತ ಕಳಿಸಿದ್ರು. ಅದು ಆಗಲಿಲ್ಲಂದ್ರ ಅಪ್ಪ ಇನ್ನ ನಡಿಯಂಗಿಲ್ಲ. ದವಾಖಾನಿ ಹಿಂದ ಒಂದು ಮನಿ ಕೆಳಗ ಖೋಲಿ ಹಿಡದ್ವಿ.

ಊಟದಾಗ ಬಂತು ತಕರಾರು. ನಮ್ಮಪ್ಪಗ ಜ್ವಾಳದ ರೊಟ್ಟಿ ಬಿಟ್ರ ಊಟ ಅಂದ್ರ ಊಟನೇ ಅಲ್ಲ. ಅದು ಗೊತ್ತಿದ್ದಕ್ಕ ನಾ ಒಂದು ತಿಂಗಳಿಗಾಗೂವಷ್ಟು ಖಡಕ್ ರೊಟ್ಟಿ ಬಡದು, ಅರಿವ್ಯಾಗ ಕಟ್ಟಿ, ಬಸ್ಸಿನ್ಯಾಗ ಕೂಸಿನಂಗ ತೊಡಿ ಮ್ಯಾಲ ಇಟ್ಕೊಂಡು ಒಯ್ದಿದ್ದೆ. ನಮ್ಮ ಮನ್ಯಾಗ ಹಂಗ ಬುಟ್ಟ್ಯಾಗ ಒಟ್ಟಿಟ್ರೂ ತಿಂಗಳಾನುಗಟ್ಟಲೆ ಇರ್ತಾವ, ಮುರದ್ರ ಕಟಕ್ ಅಂತಾವ. ಬಿಗಿ ಮುಚ್ಚಳದ ಡಬ್ಬಿ ಬೇಕಾಕ್ಕೈತಿ ಅಂತ ತಲಿಗೇ ಬರಲಿಲ್ಲ. ಗಾಳ್ಯಾಗೂ ನೀರಿರತೈತಿ ಅಂತ ಪುಸ್ತಕದಾಗ ಹುಡುಗ್ರಿಗೆ ಕಲಸಾಕಿ ನಾನೇ, ಏನ್ ಮಾಡ್ತೀರಿ. ನಾಕ ದಿನದಾಗ ರೊಟ್ಟಿ ಚಪ್ಪಲಿ ತೊಗಲಿನಂಗಾದ್ವು. ಮನಿ ಮಾಲಕಿ ಪಾಪ ತಮ್ಮ ಒಲಿ ಮ್ಯಾಲ ಬಿಸಿ ಮಾಡಿ ಕೊಟ್ರು. ಹಂಚಿನ ಮ್ಯಾಲ ಖಡಕ್, ತಾಟಿಗೆ ಬರೂದ್ರಾಗ ಮತ್ತ ತೊಗಲು.

‘ಸಪ್ಪಳಿಲ್ಲದ ರೊಟ್ಟಿ ಹ್ಯಾಂಗ ತಿನ್ನೂದವಾ’ ಅಂತ ಅಪ್ಪ ತಾಟು ಸರಸಿಬಿಡಾಂವ.

ಮಾಲಕಿ ಗಂಜಿ ತಂದ್ರು. ‘ಸ್ವಲ್ಪ ಕುಡೀರಿ, ಈ ಸೆಕೆಗೆ ತಂಪಾಗ್ತದೆ’ ಅಂದ್ರು.

‘ಜ್ವರ ಬಂದವ್ರು ಕುಡಿಯೂದ್ರಿ ಅದು’ ಅಂದ ಅಪ್ಪ. ಎರಡು ಗುಟುಕು ಕುಡದು ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ. ಅಂವನ ಗಲ್ಲ ದಿನಾ ಒಳಗ ಹೋಗಾಕತ್ತಿದ್ವು. ನನಗ ಹೆದರಿಕಿ, ಸಿಟ್ಟು ಎರಡೂ ಕೂಡೇ ಬರ್ತಿದ್ವು.

ಅಲ್ಲಿ ಮುಗಿಲಿನ ಲೆಕ್ಕನೂ ನಮಗ ಹತ್ತಲಿಲ್ಲ. ನಮ್ಮ ಕಡೆ ಮಳಿ ಬರೂ ಮೊದಲ ಗಾಳಿ ಬರತೈತಿ. ಧೂಳೆದ್ದು, ಬಾಗಲಾ ಬಡಕೊಂಡು, ಆಮ್ಯಾಲೆ ಹನಿ. ಅಷ್ಟರಾಗ ಅಂಗಳದಾಗಿಂದು ಎಲ್ಲಾ ಒಳಗ ಒಗೀಬಹುದು. ಇಲ್ಲಿ ದಿನಾ ಮಧ್ಯಾಹ್ನ ಆದ್ಮ್ಯಾಲೆ ಮುಗಿಲು ಕಪ್ಪಾಗಿ ಗುಡುಗತಿತ್ತು, ಒಂದು ಹನಿ ಬೀಳತಿರಲಿಲ್ಲ. ಮೊದಲನೇ ದಿನ ನಾ ಒಣಹಾಕಿದ ಅರಿವಿ ಎಲ್ಲಾ ಬಾಚಿಕೊಂಡು ಓಡಿದ್ದು ನೋಡಿ ಮಾಲಕಿ ನಕ್ರು. ‘ಅದು ಸುಮ್ಮನೆ ಗುಡುಗುದು ಮಾರಾಯ್ರೆ’ ಅಂದ್ರು. ಆಮ್ಯಾಲೆ ನಾನೂ ತಲಿ ಕೆಡಿಸಿಕೊಳ್ಳಲಿಲ್ಲ.

ಒಂದಿನ ಮುಂಜಾನೆ ಬಿಸಲು ಚುರುಕಿತ್ತು. ಅಂಗಳದಾಗ ಮಂಚ ಹಾಕಿ, ಮ್ಯಾಲ ಸೀರಿ ಹಾಸಿ, ರೊಟ್ಟಿ ಹರವಿದೆ.

‘ಇದೆಂತ, ಹಪ್ಪಳವಾ?’ ಅಂದ್ರು ಮಾಲಕಿ.

‘ಅಲ್ರಿ, ನಮ್ಮಪ್ಪನ ಜೀವ’ ಅಂದೆ.

ಮಧ್ಯಾಹ್ನಕ್ಕ ಒಂದು ಮುರದು ನೋಡಿದೆ. ಕಟಕ್ ಅಂತು. ಅಪ್ಪ ಒಳಗಿಂದ ತಲಿ ಎತ್ತಿದ. ಅಂವನನ್ನ ಬಾಗಲದಾಗ ಕುರ್ಚಿ ಮ್ಯಾಲ ಕುಂದ್ರಿಸಿ, ವಾಕರ್ ಕೈಗೆ ಹತ್ತೂವಂಗ ಇಟ್ಟೆ. ಗುಳಿಗಿ ತರೂದಿತ್ತು.

‘ನೀ ಹೋಗಿ ಬಾ, ನಾ ಕಾಯ್ತೇನಿ’ ಅಂದ. ‘ಗಾಳಿ ಬೀಸಿದ ಕೂಡ್ಲೇ ಮಾಲಕೀನ ಕರೀತೇನಿ.’

ಔಷಧ ಅಂಗಡ್ಯಾಗ ನಿಂತಾಗ ಗುಡುಗಿತು. ಸುಮ್ಮನ ಗುಡುಗೂದು ಅಂತ ನಿಂತೇ ಇದ್ದೆ. ಒಂದು ಎಲಿ ಅಳ್ಳಾಡಲಿಲ್ಲ, ನೆಟ್ಟಗ ಮ್ಯಾಲಿಂದ ಕೊಡ ಬೋರಲು ಹಾಕಿದಂಗ ಮಳಿ ಸುರೀತು. ಓಡಿದೆ. ಗೇಟ್ ತಗದು ನೋಡ್ತೇನಿ, ಕುರ್ಚಿ ಖಾಲಿ, ವಾಕರ್ ಅಡ್ಡ ಬಿದ್ದೈತಿ.

ಅಪ್ಪ ಮಂಚದ ದಂಡಿಗೆ ಕುಂತಿದ್ದ. ಬಾಗಲ ಮುಂದಿನ ಪಾವಟಿಗಿ ಹ್ಯಾಂಗ ಇಳದ, ಅಲ್ಲೀತನಕ ಹ್ಯಾಂಗ ಹೋದ, ಅಂವಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಸಿಕ್ಕಷ್ಟು ರೊಟ್ಟಿ ಅಂಗಿಯೊಳಗ ತುರುಕಿಕೊಂಡಿದ್ದ. ‘ಬುದ್ಧಿ ಐತೇನ್ ನಿನಗ? ಬಿದ್ದಿದ್ರ?’ ಅಂತ ಬೈಕೋತ ನಾನೂ ಮಾಲಕೀನೂ ಆ ಕಡೆ ಈ ಕಡೆ ಹಿಡದು ಒಳಗ ತಂದ್ವಿ.

‘ಗಾಳಿನೇ ಬರಲಿಲ್ಲವಾ’ ಅಂದ. ಯಾರೋ ಮೋಸ ಮಾಡ್ಯಾರ ಅನ್ನೂವಂಗಿತ್ತು ಅಂವನ ಮಾರಿ.

ತಲಿ ಒರಸಾಕತ್ತೆ. ಬೈಲೋ, ಅಳಲೋ, ಡಾಕ್ಟರಿಗೆ ಫೋನ್ ಹಚ್ಚಲೋ, ಏನೂ ತಿಳೀವಲ್ದು. ನನ್ನ ಕೈಯಾಗ ಅಂವನ ದವಡಿ ಅಳ್ಳಾಡಿದಂಗಾತು. ನಡಗಾಕತ್ಯಾನ ಅನಕೊಂಡು ಟವೆಲ್ ಸರಸಿ ನೋಡಿದೆ. ಅಗೀಲಿಕ್ಕತ್ತಿದ್ದ.

‘ಹೊಲದಾಗ ನೀರು ಚಿಮುಕಿಸಿ ತಿಂತಿದ್ವಲ್ಲ, ಹಂಗಾಗ್ಯಾವ’ ಅಂದ. ಅಂಗಿಯೊಳಗಿಂದ ಇನ್ನೊಂದು ತುಂಡು ತಗದ. ‘ಸುಮ್ಮನ ನಿಂತೀಯಲ್ಲ, ಶೇಂಗಾ ಚಟ್ನಿ ತಾ.’