ಫ್ಲಾಪಿಗೆ ಹಚ್ಚಿದ ವಿಭೂತಿ

ತೊಂಬತ್ತರ ದಶಕದ ಕೊನೆಯಲ್ಲಿ, ಶಿಕಾರಿಪುರದ ನಮ್ಮ ಮನೆಯಲ್ಲಿ ಭಾನುವಾರವೆಂದರೆ ಕಂಪ್ಯೂಟರಿನ ಸೇವೆ. ಯಾರೋ ಬಳಸಿ ಸಾಕಾಗಿ ದಾಟಿಸಿದ ಯಂತ್ರ ಅದು; ಅವರಿಗೆ ಯಾಕೆ ಸಾಕಾಯಿತೆಂದು ನನಗೆ ಒಂದೇ ವಾರದಲ್ಲಿ ತಿಳಿಯಿತು. ಸ್ಕ್ರೂ ಬಿಚ್ಚು, ಧೂಳು ಒರೆಸು, ಬೇಡದ ಫೈಲು ಅಳಿಸು, ಡಿಸ್ಕ್ ತಪಾಸಣೆಗೆ ಹಚ್ಚಿ ಕಾಯುತ್ತ ಕೂರು. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿಂದ. ಎಮ್ಮೆ ಸಾಕಿದ್ದರೆ ಹಾಲಾದರೂ ಕೊಡುತ್ತಿತ್ತು.

ಇಷ್ಟೆಲ್ಲ ಸಹಿಸಿದ್ದು ಅಮ್ಮನ ಹಾಡುಗಳಿಗಾಗಿ. ಅಮ್ಮ ಸೊರಬದ ಕಡೆಯವಳು. ಮದುವೆಮನೆಯ ಸೋಬಾನೆ ಪದಗಳು ಅವಳ ಬಾಯಲ್ಲಿದ್ದವು, ಯಾವ ಪುಸ್ತಕದಲ್ಲೂ ಇರಲಿಲ್ಲ. ಅವಳು ಹೇಳುತ್ತ ಹೋದಳು, ನಾನು ಎರಡೇ ಬೆರಳಲ್ಲಿ ಕುಟ್ಟುತ್ತ ಹೋದೆ. ಒಂದು ಮಳೆಗಾಲ ಪೂರ್ತಿ ಹಿಡಿಯಿತು.

ಆಮೇಲೆ ಯಂತ್ರ ದಿನಕ್ಕೆ ನಾಲ್ಕು ಸಲ ಸೆಟೆದು ನಿಲ್ಲತೊಡಗಿತು. ಒಂದು ಭಾನುವಾರ ಹಾಡುಗಳನ್ನು ಒಂದು ಫ್ಲಾಪಿಗೆ ಇಳಿಸಿ, ಡಿಸ್ಕನ್ನು ಪೂರ್ತಿ ಅಳಿಸಿ, ಎಲ್ಲ ಹೊಸದಾಗಿ ತುಂಬಿಸಿದೆ. ಇನ್ನೊಂದು ಪ್ರತಿ ಮಾಡಲಿಲ್ಲ, ಸೋಮಾರಿತನ. ಸೋಮವಾರ ಸಂಜೆ ಫ್ಲಾಪಿ ಹಾಕಿದರೆ ಕರಕರ ಸದ್ದು, ಅಷ್ಟೇ. ತೆಗೆದು ನೋಡಿದೆ. ತಗಡಿನ ಮುಚ್ಚಳದ ಒಳಗೆ, ಹಾಡುಗಳು ಕೂತಿದ್ದ ಕಂದು ತಟ್ಟೆಯ ಮೇಲೆ, ಒಣಗಿದ ವಿಭೂತಿ.

ಸೋಮವಾರ ಬಂತೆಂದರೆ ಅಮ್ಮ ಒಲೆ, ಹೊಲಿಗೆ ಯಂತ್ರ, ಸೈಕಲ್ಲು, ಯಾವುದನ್ನೂ ಬಿಡದೆ ವಿಭೂತಿ ಹಚ್ಚುತ್ತಿದ್ದಳು. ಮೇಜಿನ ಮೇಲಿದ್ದ ಫ್ಲಾಪಿಯನ್ನು ಬಿಡುತ್ತಾಳೆಯೇ?

"ಮೇಲ್ಮೇಲೆ ಹಚ್ಚಿದ್ರೆ ಹಾಡಿಗೆ ತಾಗ್ತದನಾ? ಅದ್ಕೇ ಬಾಗ್ಲು ಸರಿಸಿ ಒಳಗೇ ಹಚ್ದೆ. ಮೂರು ಬೆರಳು ಹಿಡೀಲಿಲ್ಲ, ಒಂದೇ ಬೆರಳಲ್ಲಿ ಹಚ್ದೆ," ಎಂದಳು. "ಎಲ್ಲ ಭದ್ರ ಇದ್ಯಲ್ಲ?"

ಸಿಟ್ಟು ನೆತ್ತಿಗೇರಿತು. ಆದರೆ ಭಾನುವಾರವಿಡೀ ಸೊಂಟ ಬಗ್ಗಿಸಿ ದುಡಿದವನಿಗೆ ಜಗಳವಾಡಲೂ ತ್ರಾಣವಿರಲಿಲ್ಲ. ಅವಳ ಮುಖ ನೋಡಿ, ಭದ್ರ ಇದೆ ಎಂದುಬಿಟ್ಟೆ.

ಮತ್ತೆ ಹಾಡಿಸಿಕೊಳ್ಳಬೇಕಿತ್ತು. ಯಾಕೆ ಎಂದು ಕೇಳಿದರೆ ಏನು ಹೇಳಲಿ ಎಂದು ಮುಂದೂಡುತ್ತಲೇ ಒಂದು ವರ್ಷ ಕಳೆದೆ. ಕೊನೆಗೊಂದು ಭಾನುವಾರ, "ಆ ಧಾರೆಯ ಪದ ಒಂದು ಸಲ ಹೇಳಮ್ಮ," ಎಂದೆ. ಖುಷಿಯಿಂದ ಎರಡು ಸಾಲು ಹಾಡಿದಳು. ಮೂರನೆಯದು ಬರಲಿಲ್ಲ. ಬೇರೆ ಪದ ಹಿಡಿದಳು, ಅದೂ ಅರ್ಧಕ್ಕೆ ನಿಂತಿತು.

"ನೀನು ಬರ್ಕಂಡ್ಯಲ್ಲ ಅಂತ ನಾನು ನೆನಪು ಮಾಡ್ಕಳದೇ ಬಿಟ್ಟೆ ಮಾರಾಯ. ಮುಂದೆ ಎಂತದು? ಅದ್ರಲ್ಲಿ ನೋಡಿ ಹೇಳು."

ಕಂಪ್ಯೂಟರ್ ಹಚ್ಚಿ, ಹುಡುಕುವವನ ಹಾಗೆ ಅದರ ಮುಂದೆ ಕೂತೆ.