ಅಂಚು ಮಡಿಸದ ಜರಿ

ಎಂ.ಎಸ್ಸಿ. ಎರಡನೇ ವರ್ಷದಲ್ಲಿ ನಾನು ಭದ್ರಾವತಿಯ ಜರಿಗಿಡಗಳ, ಅಂದರೆ ಫರ್ನ್‌ಗಳ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೆ. ಹೂವು ಬಿಡದ, ಕಾಯಿ ಕಟ್ಟದ, ಯಾರೂ ತಿರುಗಿ ನೋಡದ ಗಿಡಗಳು ಅವು. ಚಾನಲ್ ದಂಡೆ, ಹಳೆಯ ಇಟ್ಟಿಗೆ ಗೋಡೆ, ಕ್ವಾರ್ಟರ್ಸುಗಳ ಹಿಂದಿನ ಚರಂಡಿ, ಎಲ್ಲಿ ತೇವವಿದೆಯೋ ಅಲ್ಲಿ ಬೆಳೆಯುತ್ತವೆ. ಭಾನುವಾರ ನಮ್ಮ ಅಬ್ಬಾ ತಮ್ಮ ಗ್ಯಾರೇಜಿನ ಬಾಗಿಲು ಹಾಕಿ ನನ್ನನ್ನು ಸ್ಕೂಟರಿನಲ್ಲಿ ಸುತ್ತಿಸುತ್ತಿದ್ದರು. ನಾನು ಗೋಡೆಯ ಸಂದಿಯಿಂದ ಗಿಡ ಬಿಡಿಸುವಾಗ ಸ್ವಲ್ಪ ದೂರ ನಿಂತು, ಪರಿಚಯದವರು ಬಂದರೆ ಅವರು ಕೇಳುವ ಮೊದಲೇ "ಕಾಲೇಜಿನ ಕೆಲ್ಸ" ಎಂದು ಹೇಳಿಬಿಡುತ್ತಿದ್ದರು.

ನನ್ನ ಸಂಗ್ರಹದಲ್ಲಿ ಎಲ್ಲಕ್ಕಿಂತ ಚೆಂದದ್ದು ಚಾನಲ್ ದಂಡೆಯಲ್ಲಿ ಸಿಕ್ಕ, ಎಲೆಯ ಹಿಂಬದಿಗೆ ಬಿಳಿ ಪುಡಿ ಮೆತ್ತಿಕೊಂಡಿದ್ದ ಜರಿ. ಎಲೆಯನ್ನು ಅಂಗೈ ಮೇಲಿಟ್ಟು ಒತ್ತಿದರೆ ಅದರ ಅಚ್ಚು ಬಿಳಿಯಾಗಿ ಮೂಡುತ್ತದೆ. ನಮ್ಮ ಬೆಟ್ಟದ ಬಂಡೆಗಳಲ್ಲಿ ಇಲ್ಲಿಯದೇ ಆದ ಇಂಥ ಒಂದು ಬಿಳಿಜರಿ ಇದೆ. ಶಿವಮೊಗ್ಗದ ನಮ್ಮ ಕಾಲೇಜಿನ ಬೀರುವಿನಲ್ಲಿ ಅದರ ಹೆಸರು ಬರೆದ ಹಳೆಯ ಹಾಳೆಯೊಂದಿತ್ತು. ನನ್ನ ಗೈಡ್ ಆಗಿದ್ದ ಮೇಡಂ ತಾವು ವಿದ್ಯಾರ್ಥಿನಿಯಾಗಿದ್ದಾಗ ಇದೇ ಚಾನಲ್ ಬಳಿ ಕಿತ್ತು, ಒಣಗಿಸಿ, ದಾರದಿಂದ ಹಾಳೆಗೆ ಹೊಲಿದಿದ್ದ ಗಿಡ. ಅದರ ಪಕ್ಕದಲ್ಲಿ ನನ್ನದನ್ನಿಟ್ಟು ನೋಡಿದೆ. ಎರಡೂ ಒಂದೇ. ನನ್ನ ಒಂಬತ್ತು ಹಾಳೆಗಳ ಮೇಲೂ ಅದೇ ಹೆಸರು ಬರೆದೆ. ಮೇಡಂ ನೋಡಿ ಸಂತೋಷಪಟ್ಟರು.

ಪ್ರಾಜೆಕ್ಟ್ ಒಪ್ಪಿಸಲು ಮೂರು ವಾರವಿದ್ದಾಗ ಶಂಕರಘಟ್ಟದ ವಿಶ್ವವಿದ್ಯಾಲಯದ ಲೈಬ್ರರಿಗೆ ಹೋದೆ. ಹೋಟೆಲೊಂದರ ಮುಂದೆ ನೇತುಹಾಕಿದ್ದ ಕುಂಡದ ಜರಿಯ ಹೆಸರು ಬೇಕಿತ್ತು. ಅದರ ಬಳ್ಳಿಯಂಥ ಕಾಂಡಕ್ಕೆ ಹೊಂಬಣ್ಣದ ತುಪ್ಪಳವಿತ್ತು. ಅದು ನಮ್ಮ ಕಡೆಯದಲ್ಲ ಎಂದು ಮೇಡಂ ಹೇಳಿದ್ದರಿಂದ ಅಮೆರಿಕದ ಉಷ್ಣವಲಯದ ಜರಿಗಳ ದಪ್ಪ ಪುಸ್ತಕ ತೆಗೆಸಿದೆ. ಇಂಥ ಪುಸ್ತಕಗಳು ಪ್ರತಿ ಹೆಜ್ಜೆಗೂ ಇದೋ ಅದೋ ಎಂದು ಕೇಳುತ್ತವೆ: ತೊಟ್ಟು ಹೊಳೆಯುತ್ತದೆಯೋ, ರೋಮವಿದೆಯೋ? ನರಗಳು ಬಿಡಿಯಾಗಿವೆಯೋ, ಬಲೆಯಂತೆ ಕೂಡಿವೆಯೋ? ಉತ್ತರ ಕೊಡುತ್ತಾ ಹೋದರೆ ಕೊನೆಗೆ ಒಂದು ಹೆಸರು ಸಿಗುತ್ತದೆ. ಹೊಂಬಣ್ಣದ ಜರಿಯ ಹೆಸರು ಸಿಕ್ಕಿತು. ಸುಮ್ಮನೆ ಪುಟ ತಿರುಗಿಸುತ್ತಿದ್ದವಳ ಕಣ್ಣು ಇನ್ನೊಂದು ಕಡೆ ನಿಂತಿತು. ಹಿಂಬದಿ ಬಿಳಿ ಪುಡಿ. ತೊಟ್ಟು ಕಪ್ಪು, ನುಣುಪು. ಬೀಜಾಣು ಚೀಲಗಳು ನರಗಳ ಉದ್ದಕ್ಕೂ. ಎಲೆಯ ಅಂಚು ಒಳಕ್ಕೆ ಮಡಿಸಿಲ್ಲ.

ನಮ್ಮ ಬಿಳಿಜರಿ ತನ್ನ ಬೀಜಾಣುಗಳನ್ನು ಅಂಚಿನಲ್ಲಿಟ್ಟು, ಅಂಚನ್ನೇ ಸೀರೆಯ ಸೆರಗಿನಂತೆ ಮಡಿಸಿ ಮುಚ್ಚಿಕೊಳ್ಳುತ್ತದೆ ಎಂದು ನಾನು ಪರೀಕ್ಷೆಯಲ್ಲಿ ಬರೆದವಳೇ. ಆದರೆ ನನ್ನ ಗಿಡದಲ್ಲಿ ಅದನ್ನು ಹುಡುಕಿ ನೋಡಿರಲಿಲ್ಲ.

ಮನೆಗೆ ಬಂದವಳೇ ಚಾನಲ್ ಜರಿಯನ್ನೂ, ಊರಾಚೆಯ ಗುಡ್ಡದ ಬಂಡೆಯಿಂದ ತಂದಿದ್ದ ಒಂದು ಪುಟ್ಟ ಜರಿಯನ್ನೂ ಮೇಜಿನ ಮೇಲಿಟ್ಟೆ. ಆ ಪುಟ್ಟದ್ದನ್ನು ಅದೇ ಜಾತಿಯ ಎಳೆಯ ಗಿಡ ಅಂದುಕೊಂಡಿದ್ದೆ. ಮನೆಯಲ್ಲಿ ನಮ್ಮ ಮಾತು ದಖ್ನಿ ಉರ್ದು. ಓದಿನ ವಿಷಯ ಬಂದರೆ ಮಾತ್ರ ಅಬ್ಬಾ ಯಾಕೋ ಕನ್ನಡಕ್ಕೆ ತಿರುಗುತ್ತಿದ್ದರು. ಕೈ ತೊಳೆದು ಬಂದು ಎರಡೂ ಎಲೆಗಳ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು.

"ಇದಕ್ಕೆ ಮಡಿಕೆ ಇದೆ, ಇದಕ್ಕಿಲ್ಲ. ಎರಡೂ ಬೇರೆ ಮಾಲು ಬೇಟಾ."

ಲೆನ್ಸಿನಲ್ಲಿ ನೋಡಿದೆ. ಪುಟ್ಟ ಎಲೆಯ ಅಂಚು ಸುತ್ತಲೂ ಮಡಿಚಿಕೊಂಡಿತ್ತು. ಚಾನಲ್ ಜರಿಯಲ್ಲಿ ಅಕ್ಕಿಹಿಟ್ಟಿನ ಮೇಲೆ ಕರಿಮೆಣಸಿನ ಪುಡಿ ಉದುರಿಸಿದ ಹಾಗೆ ಬೀಜಾಣು ಚೀಲಗಳು ಹಿಂಬದಿಯ ತುಂಬಾ ಹರಡಿದ್ದವು. ಪುಸ್ತಕದಲ್ಲಿದ್ದ ಆ ಅಮೆರಿಕದ ಜರಿಯೇ ಇದು; ಎಂದೋ ಯಾರದೋ ತೋಟದ ಅಲಂಕಾರಕ್ಕೆಂದು ಬಂದು, ಗಾಳಿಯಲ್ಲಿ ಹಾರಿ ನಮ್ಮ ಚಾನಲ್ ಹಿಡಿದಿರಬೇಕು.

ನನ್ನ ಒಂಬತ್ತು ಹಾಳೆಗಳನ್ನು ಬದಲಾಯಿಸುವುದು ದೊಡ್ಡ ವಿಷಯವಲ್ಲ. ಆದರೆ ಮರುದಿನ ಕಾಲೇಜಿನಲ್ಲಿ ಮೇಡಂ ಅವರ ಹಾಳೆ ತೆಗೆದೆ. ಎಲೆಗಳನ್ನೆಲ್ಲ ಮುಖ ಮೇಲಾಗಿ ಹೊಲಿದಿದ್ದರು. ತುದಿಯಲ್ಲಿ ಒಂದು ಕಡೆ ಮಾತ್ರ ಮಗುಚಿ ಬಿಳಿ ಕಾಣುತ್ತಿತ್ತು. ಅಲ್ಲಿ ಲೆನ್ಸ್ ಹಿಡಿದೆ. ಅಂಚು ಮಡಿಸಿರಲಿಲ್ಲ.

ನಾಲ್ಕು ದಿನ ಮನೆಯಲ್ಲಿ ಅಬ್ಬಾಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಐದನೇ ದಿನ ಬೆಳಿಗ್ಗೆ ಚಹಾ ಕುಡಿಯುವಾಗ ಅಬ್ಬಾ ಕೇಳಿದರು. "ಹೇಳ್ದೇ ಇದ್ರೆ ಏನಾಗುತ್ತೆ?"

"ಏನೂ ಆಗಲ್ಲ. ಯಾರಿಗೂ ಗೊತ್ತಾಗಲ್ಲ."

"ಮತ್ತೆ ಯಾಕೆ ಊಟ ಬಿಟ್ಟಿದೀಯ? ಹೋಗಿ ಹೇಳ್ಬಿಡು ಮಾರಾಯ್ತಿ. ನಿನ್ ಮುಖ ನೋಡಿ ನಿಮ್ಮ ಅಮ್ಮೀಗೂ ಊಟ ಸೇರ್ತಿಲ್ಲ."

ಮಧ್ಯಾಹ್ನ ಲ್ಯಾಬ್ ಖಾಲಿಯಾದ ಮೇಲೆ ಆ ಹಳೆಯ ಹಾಳೆ ಮುಂದಿಟ್ಟು ಹೇಳಿದೆ. ಮೇಡಂ ಮುಖ ಕೆಂಪಾಯಿತು.

"ಪುಸ್ತಕ ನೋಡಿ ಹೇಳ್ತಿದೀಯೋ, ಗಿಡ ನೋಡಿ ಹೇಳ್ತಿದೀಯೋ?"

"ಎರಡೂ ನೋಡಿ ಹೇಳ್ತಿದೀನಿ ಮೇಡಂ."

"ಇದಕ್ಕೆ ಹೆಸರು ಹೇಳಿದ್ದು ನಮ್ಮ ಮೇಷ್ಟ್ರು. ಜರಿ ಅಂದ್ರೆ ಅವರು, ಅವರು ಅಂದ್ರೆ ಜರಿ. ಗೊತ್ತಾ ನಿಂಗೆ?"

ಮೇಡಂ ಹಾಳೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬ್ಯಾಗ್ ತೆಗೆದುಕೊಂಡು ಹೊರಟುಹೋದರು. ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಬಸ್ಸಿನಲ್ಲಿ ಭದ್ರಾವತಿಗೆ ವಾಪಸಾಗುವಾಗ, ಹೇಳಿದ್ದು ಸರಿಯೋ ತಪ್ಪೋ ಎಂದಲ್ಲ, ಬೇರೆ ಥರ ಹೇಳಬಹುದಿತ್ತೇ ಎಂದೇ ಯೋಚಿಸುತ್ತಿದ್ದೆ.

ಶನಿವಾರ ಮೇಡಂ ಫೋನ್ ಮಾಡಿದರು. "ನಾಳೆ ಬರ್ತೀನಿ. ಚಾನಲ್ ಹತ್ರ ಕರ್ಕೊಂಡು ಹೋಗು."

ಶಿವಮೊಗ್ಗದ ವಿದ್ಯಾನಗರದಿಂದ ಬೆಳಿಗ್ಗೆಯ ಬಸ್ಸು ಹಿಡಿದು ಬಂದರು. ದಂಡೆಯ ಮೇಲೆ ಸೀರೆ ಎತ್ತಿ ಕಟ್ಟಿ ನನಗಿಂತ ಸಲೀಸಾಗಿ ಇಳಿದರು. ಒಂದೊಂದೇ ಎಲೆ ಮಗುಚಿ ಲೆನ್ಸ್ ಹಿಡಿದರು. ಮೊದಲನೆಯದು, ಎರಡನೆಯದು, ಹತ್ತನೆಯದು. ಮಡಿಕೆ ಎಲ್ಲಿಯೂ ಇರಲಿಲ್ಲ. ಕೊನೆಗೆ ಅಲ್ಲೇ ಕಲ್ಲಿನ ಮೇಲೆ ಕುಳಿತರು.

"ಮೂವತ್ತು ವರ್ಷ ಆ ಹಾಳೆ ತೋರಿಸಿ ಪಾಠ ಮಾಡಿದೀನಿ. ಒಂದ್ಸಲನೂ ಅಂಚಿಗೆ ಲೆನ್ಸ್ ಹಿಡಿದು ನೋಡ್ಲಿಲ್ಲ. ಮೇಷ್ಟ್ರು ಹೇಳಿದ್ರು ಅಂತ ನಾನು ಬರೆದೆ, ನಾನು ಬರೆದೆ ಅಂತ ನೀನು ಬರೆದೆ."

ಆಮೇಲೆ ಅವರಿಗೇ ನಗು ಬಂತು. ನಮ್ಮ ಮನೆಗೆ ಬಂದು ಅಮ್ಮೀ ಕೊಟ್ಟ ಚಹಾ ಕುಡಿದು ಹೋದರು.

ಹಳೆಯ ಹಾಳೆಯ ತಪ್ಪು ಹೆಸರನ್ನು ಹೊಡೆದುಹಾಕುವ ಪದ್ಧತಿ ನಮ್ಮಲ್ಲಿಲ್ಲ. ಅದರ ಮೇಲ್ಗಡೆ ಒಂದು ಸಣ್ಣ ಚೀಟಿ ಅಂಟಿಸಿ ಹೊಸ ಹೆಸರು, ತಾರೀಖು, ಹೇಳಿದವರ ಸಹಿ ಹಾಕುತ್ತಾರೆ. ಸೋಮವಾರ ಮೇಡಂ ಚೀಟಿ ಕತ್ತರಿಸಿ ನನ್ನ ಮುಂದಿಟ್ಟರು.

"ನೀವೇ ಬರೀರಿ ಮೇಡಂ."

"ನೋಡಿದ್ದು ನೀನು. ನೀನೇ ಬರಿ."

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಪುಟ ಮಗುಚುತ್ತಾ ಕೇಳಿದರು: "ಗೈಡ್ ಹಾಳೆಯನ್ನೇ ತಿದ್ದಿದೀಯಲ್ಲಮ್ಮ?" ನಾನು ತಡವರಿಸುವಷ್ಟರಲ್ಲಿ ಮೇಡಂ, "ತಿದ್ದಿಲ್ಲ ಸರ್, ಸೇರಿಸಿದಾಳೆ" ಎಂದರು. ಅಂಕಗಳು ಸಾಧಾರಣವಾಗಿಯೇ ಬಂದವು.

ಆ ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಬೀರುವಿನ ಜರಿಗಳನ್ನೆಲ್ಲ ಹೊರತೆಗೆದು ಮೊದಲಿನಿಂದ ನೋಡಿದೆವು. ಪ್ರತಿ ಹಾಳೆಗೂ ಮೇಡಂ ಮೊದಲು ಹೆಸರಿನ ಮೇಲೆ ಕೈ ಮುಚ್ಚುತ್ತಿದ್ದರು. ನಾನು ತೊಟ್ಟು, ನರ, ಬೀಜಾಣುಗಳನ್ನು ನೋಡಿ ಹೇಳಬೇಕು. ಹೆಚ್ಚಿನವು ಸರಿಯಾಗಿಯೇ ಇದ್ದವು. ಇನ್ನೆರಡು ತಪ್ಪಿದ್ದವು, ಅದರಲ್ಲೊಂದು ಅವರ ಮೇಷ್ಟ್ರೇ ಸ್ವತಃ ಬರೆದದ್ದು. ಮೇಡಂ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. ಫ್ಯಾನಿನ ಗಾಳಿಗೆ ಹಾಳೆ ಹಾರದಂತೆ ನಾನು ಮೂಲೆ ಹಿಡಿದುಕೊಂಡಿದ್ದೆ. ಆಮೇಲೆ ಪೆನ್ನಿನ ಕ್ಯಾಪ್ ತೆಗೆದು, ಆ ಚೀಟಿಯನ್ನು ಮೇಡಂ ತಾವೇ ಬರೆದರು.